ರ‍್ಯಾಮ್ ನುಂಗುವ ಕ್ಯೂಬ್‌ಗಳು

ಸಮಸ್ಯೆ: 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪಿನಲ್ಲಿ ಕ್ಯೂಬ್ಸ್ ಓಎಸ್ ಬಳಸುವ ಓದುಗರಿಗೆ, ಮೂರ್ನಾಲ್ಕು ಕ್ಯೂಬ್ ತೆರೆದ ಮೇಲೆ ಹೊಸದು ಶುರುವಾಗುತ್ತಿಲ್ಲ.

ಸಲಹೆ: ಪ್ರತಿ ಕ್ಯೂಬ್ ಒಂದು ವರ್ಚುವಲ್ ಮಷಿನ್. ಅಪ್ಲಿಕೇಶನ್ ಮುಚ್ಚಿದರೂ ಅದು ಓಡುತ್ತಲೇ ಇರುತ್ತದೆ. ಬೇಡದ್ದನ್ನು ಕ್ಯೂಬ್ ಮ್ಯಾನೇಜರ್‌ನಲ್ಲಿ ಶಟ್‌ಡೌನ್ ಮಾಡಿ.

ನಂತರ ಪ್ರತಿ ಕ್ಯೂಬ್‌ನ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ ಗರಿಷ್ಠ ಮೆಮೊರಿ ನೋಡಿ. ಸಾಮಾನ್ಯವಾಗಿ 4000 ಎಂಬಿ ಇರುತ್ತದೆ. ಪಾಸ್‌ವರ್ಡ್ ಇಡುವ ವಾಲ್ಟ್‌ಗೆ 1000 ಸಾಕು. ಮೆಮೊರಿ ಬ್ಯಾಲೆನ್ಸಿಂಗ್ ಆನ್ ಇರಲಿ, ಸುಮ್ಮನಿರುವ ಕ್ಯೂಬ್‌ನ ರ‍್ಯಾಮ್ ಆಗ ದುಡಿಯುವ ಕ್ಯೂಬ್‌ಗೆ ಸಿಗುತ್ತದೆ. ಸಿಸ್-ನೆಟ್, ಸಿಸ್-ಯುಎಸ್‌ಬಿ ಕ್ಯೂಬ್‌ಗಳಿಗೆ ಮಾತ್ರ ಇದು ಅನ್ವಯಿಸದು. ಪಿಸಿಐ ಸಾಧನ ಹಿಡಿದಿರುವುದರಿಂದ ಅವುಗಳ ಪಾಲು ಸ್ಥಿರ.

ರ‍್ಯಾಮ್ ಉಳಿಸಲೆಂದು ಬ್ಯಾಂಕಿಂಗನ್ನೂ ಅಪರಿಚಿತ ಲಿಂಕ್‌ಗಳನ್ನೂ ಒಂದೇ ಕ್ಯೂಬ್‌ಗೆ ತುಂಬಬೇಡಿ, ದಯವಿಟ್ಟು.

ಇಷ್ಟಾದರೂ ಸಾಲದಿದ್ದರೆ, ಶಿಫಾರಸಾಗಿರುವ 16 ಜಿಬಿಗೆ ಏರಿಸುವುದೇ ದಾರಿ. ರ‍್ಯಾಮ್ ಬೋರ್ಡಿಗೆ ಬೆಸೆದಿದೆಯೇ ಎಂದು ಸರ್ವಿಸ್ ಸೆಂಟರ್‌ನಲ್ಲಿ ಮೊದಲು ವಿಚಾರಿಸಿ.