ಮುಳ್ಳು ಆಚೀಚೆ ಆದರೆ ಗಾಬರಿಯಾಗಬೇಡಿ: ತೂಕ ಇಳಿಸಿದವರಿಗೆ ಕಿವಿಮಾತು

ತೂಕ ಇಳಿಸುವುದು ಹೇಗೆ ಅಂತ ಹೇಳುವವರು ಊರು ತುಂಬ ಇದ್ದಾರೆ. ಇಳಿಸಿದ ಮೇಲೆ ಎಂತ ಮಾಡುವುದು ಅಂತ ಹೇಳುವವರು ಕಡಿಮೆ. ನಾನು ಒಂದೂವರೆ ವರ್ಷ ಹಿಡಿದು 73 ಕಿಲೋದಿಂದ 62ಕ್ಕೆ ಇಳಿದವಳು. ಅದಾಗಿ ಆರು ವರ್ಷ ಆಯಿತು. ಇವತ್ತಿಗೂ ತೂಕದ ಮುಳ್ಳು 61ಕ್ಕೂ 63ಕ್ಕೂ ನಡುವೆ ಓಡಾಡಿಕೊಂಡೇ ಉಂಟು. ಮೊದಲ ವರ್ಷ ಅರ್ಧ ಕಿಲೋ ಏರಿದರೂ ನನಗೆ ಅನ್ನ ಇಳಿಯುತ್ತಿರಲಿಲ್ಲ. ಮಂಗಳೂರಿನ ಫಳ್ನೀರಿನಲ್ಲಿರುವ ನಮ್ಮ ಫ್ಲ್ಯಾಟಿನ ಹುಡುಗಿಯರು ಈಗಲೂ ಬೆಳಿಗ್ಗೆ ಬಂದು, "ಆಂಟೀ, ರಾತ್ರಿ ಬೆಳಗಾಗುವುದರೊಳಗೆ ಒಂದು ಕಿಲೋ ಜಾಸ್ತಿ ಆಗಿದೆ" ಅಂತ ಅಳುಮುಖ ಮಾಡಿ ಬಾಗಿಲಲ್ಲಿ ನಿಲ್ಲುತ್ತಾರೆ. ಒಳಗೆ ಕರೆದು ಕೂರಿಸಿ ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಿಮಗೆ ಗೊತ್ತಿಲ್ಲ ಅಂತ ಅಲ್ಲ, ಗಡಿಬಿಡಿಯಲ್ಲಿ ಮರೆತುಹೋಗುತ್ತದೆ.

ತೂಕ ನೋಡುವಾಗ

• ಬೆಳಿಗ್ಗೆ ಎದ್ದು, ಪಾಯಿಖಾನೆಗೆ ಹೋಗಿ ಬಂದು, ಚಾ ಕುಡಿಯುವ ಮೊದಲು ತೂಕ ನೋಡಿ. ಒಂದು ಲೀಟರ್ ನೀರು ಕುಡಿದು ಮಿಷನ್ ಹತ್ತಿದರೆ ಒಂದು ಕಿಲೋ ಹೆಚ್ಚೇ ತೋರಿಸುತ್ತದೆ. ಅದು ನೀರಿನ ತೂಕ, ನಿಮ್ಮದಲ್ಲ.

• ಒಂದೇ ಮಿಷನ್ ನಂಬಿ. ಮನೆಯಲ್ಲೊಂದು, ಮೆಡಿಕಲ್ ಶಾಪಿನಲ್ಲೊಂದು, ಡಾಕ್ಟರರ ಕೋಣೆಯಲ್ಲೊಂದು ಅಂತ ಹತ್ತುತ್ತಾ ಹೋದರೆ ಮೂರು ಅಂಕಿ ಸಿಗುತ್ತದೆ, ನಾಲ್ಕನೆಯದಾಗಿ ತಲೆನೋವು ಸಿಗುತ್ತದೆ. ಮೈಮೇಲೆ ಬಟ್ಟೆಯೂ ಆದಷ್ಟು ಅಷ್ಟೇ ಇರಲಿ.

• ಮಿಷನ್ನನ್ನು ಸಪಾಟು ನೆಲದಲ್ಲಿಡಿ. ಹಳೇ ಮನೆಯ ಉಬ್ಬುತಗ್ಗಿನ ನೆಲದಲ್ಲಿ, ಕಾಲೊರೆಸುವ ಬಟ್ಟೆಯ ಮೇಲೆ ಇಟ್ಟರೆ ಅದು ಸರಿಯಾಗಿ ಹೇಳುವುದಿಲ್ಲ. ಸೆಲ್ ಹಳತಾಗಿದ್ದರೆ ಬದಲಿಸಿ. ಸಣ್ಣ ಖರ್ಚು, ದೊಡ್ಡ ನೆಮ್ಮದಿ.

• ದಿನಕ್ಕೆ ಎರಡು ಮೂರು ಸಲ ಹತ್ತಬೇಡಿ. ಬೆಳಿಗ್ಗೆಗೂ ರಾತ್ರಿಗೂ ಒಂದು ಕಿಲೋ, ಕೆಲವರಿಗೆ ಅದಕ್ಕಿಂತಲೂ ಹೆಚ್ಚು ವ್ಯತ್ಯಾಸ ಬರುವುದು ಸಹಜ. ತಿಂದದ್ದು, ಕುಡಿದದ್ದು ಎಲ್ಲ ಹೊಟ್ಟೆಯಲ್ಲೇ ಉಂಟಲ್ಲ.

• ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ತೂಕವನ್ನೂ ಬರೆಯಿರಿ. ಏಳು ದಿನದ್ದು ಕೂಡಿಸಿ ಏಳರಿಂದ ಭಾಗಿಸಿ. ಈ ವಾರದ ಅಂಕಿಯನ್ನು ಹೋದ ವಾರದ್ದಕ್ಕೆ ಹೋಲಿಸಿ ನೋಡಿ. ಸೋಮವಾರದ್ದನ್ನು ಭಾನುವಾರದ್ದಕ್ಕೆ ಹೋಲಿಸಿದರೆ ಸುಮ್ಮನೆ ಹೆದರಿಕೆ.

• ಅಂಕಿ ನೋಡಿದರೆ ದಿನವಿಡೀ ಮನಸ್ಸು ಕೆಡುತ್ತದೆ ಅನ್ನುವವರು ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ನೋಡಿ. ಬುಧವಾರ ಒಳ್ಳೆಯದು. ಭಾನುವಾರದ ಕೋರಿ ರೊಟ್ಟಿಯ ಗಲಾಟೆ ಅಷ್ಟರಲ್ಲಿ ಅಡಗಿರುತ್ತದೆ.

• 62 ಅಂತ ಒಂದೇ ಅಂಕಿಯನ್ನು ಗೋಡೆಗೆ ಮೊಳೆ ಹೊಡೆದ ಹಾಗೆ ಇಟ್ಟುಕೊಳ್ಳಬೇಡಿ. ನಾನು 61ರಿಂದ 63 ಅಂತ ಇಟ್ಟುಕೊಂಡ ಹಾಗೆ ಒಂದು ಕೆಳಗಿನ ಗಡಿ, ಒಂದು ಮೇಲಿನ ಗಡಿ ಇಟ್ಟುಕೊಳ್ಳಿ. ಉಳ್ಳಾಲದ ಕಡಲ ಕರೆಯಲ್ಲಿ ನಿಂತು ನೋಡಿದ್ದೀರಲ್ಲ, ನೀರು ದಿನಕ್ಕೆರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿದ ಕೂಡಲೇ ಊರು ಮುಳುಗಿತು ಅಂತ ಯಾರೂ ಓಡುವುದಿಲ್ಲ.

ಮುಳ್ಳು ಏರಿದ ದಿನ

• ಮೊದಲು ಹಿಂದಿನ ದಿನ ಎಂತ ತಿಂದಿರಿ ಅಂತ ನೆನಪು ಮಾಡಿಕೊಳ್ಳಿ. ಒಂದು ಕಿಲೋ ಕೊಬ್ಬು ಮೈಗೆ ಸೇರಬೇಕಾದರೆ ಖರ್ಚಾಗುವುದಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ತಿನ್ನಬೇಕು. ಒಂದು ಮದುವೆ ಊಟದಲ್ಲಿ ಅಷ್ಟು ತಿನ್ನಲಿಕ್ಕೆ ಭೀಮನೇ ಬರಬೇಕು.

• ಉಪ್ಪು ಹೆಚ್ಚು ತಿಂದಿದ್ದೀರಾ ಅಂತ ಕೇಳಿಕೊಳ್ಳಿ. ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ. ಉಂಗುರ ಬಿಗಿಯಾಗಿದ್ದರೆ, ಕಣ್ಣ ಕೆಳಗೆ ಊದಿದ್ದರೆ ಹೆಚ್ಚಾಗಿ ಅದೇ ಕಾರಣ. ಎರಡು ಮೂರು ದಿನ ಕೈ ಹಿಡಿದು ಉಪ್ಪು ಹಾಕಿ, ತಾನೇ ಇಳಿಯುತ್ತದೆ.

• ಬಹಳ ದಿನ ಅನ್ನ ಕಡಿಮೆ ಮಾಡಿ ಒಂದು ದಿನ ಹೊಟ್ಟೆ ತುಂಬ ಉಂಡರೂ ಮುಳ್ಳು ಏರುತ್ತದೆ. ಮೈ ಆ ಪಿಷ್ಟವನ್ನು ನೀರಿನೊಂದಿಗೆ ಕೂಡಿಸಿಡುತ್ತದೆ, ಗ್ರಾಮಿಗೆ ಸುಮಾರು ಮೂರು ಗ್ರಾಮಿನಷ್ಟು ನೀರು. ಡಯಟ್ ಶುರು ಮಾಡಿದ ಮೊದಲ ವಾರ ಸರ್ರನೆ ಇಳಿದಿತ್ತಲ್ಲ, ಅದರಲ್ಲಿ ಬಹುಪಾಲು ಈ ನೀರೇ. ಈಗ ವಾಪಸು ಬಂದಿದೆ, ಅಷ್ಟೇ.

• ಹೆಣ್ಣುಮಕ್ಕಳು ತಿಂಗಳಿನ ದಿನವನ್ನೂ ಅದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮುಟ್ಟಿನ ಹಿಂದಿನ ವಾರ ಕಿಲೋ, ಒಂದೂವರೆ ಕಿಲೋ ಹೆಚ್ಚು ತೋರಿಸುವುದುಂಟು. ಮೂರು ತಿಂಗಳು ಗುರುತು ಹಾಕಿದರೆ ನಿಮಗೇ ತಿಳಿಯುತ್ತದೆ, ಆಮೇಲೆ ಆ ವಾರ ಅಳುವುದು ತಪ್ಪುತ್ತದೆ.

• ಹೊಟ್ಟೆ ಸರಿಯಾಗಿ ಹೋಗದಿದ್ದರೆ ಮೊದಲು ಅದನ್ನು ಸರಿ ಮಾಡಿ. ಹರಿವೆ, ಬಸಳೆ, ಅಲಸಂಡೆ ಪಲ್ಯ ತಿನ್ನಿ, ನೀರು ಕುಡಿಯಿರಿ. ಅರ್ಧ ಕಿಲೋದ ದೂರು ಅಲ್ಲಿಗೇ ಮುಗಿಯಬಹುದು.

• ಹೊಸದಾಗಿ ಜಿಮ್ ಸೇರಿದವರು, ಬಹಳ ದಿನದ ಮೇಲೆ ಮೈ ಬಗ್ಗಿಸಿದವರು ಕೆಲವು ದಿನ ಕಾಯಿರಿ. ನೋಯುವ ಸ್ನಾಯು ನೀರು ಹಿಡಿಯುತ್ತದೆ. "ವ್ಯಾಯಾಮ ಮಾಡಿ ದಪ್ಪ ಆದೆ" ಅಂತ ಬಿಟ್ಟುಬಿಡಬೇಡಿ.

• ಏರಿದ ಕೂಡಲೇ ಉಪವಾಸ ಕೂರಬೇಡಿ. ನಾನು ಮಾಡಿದ್ದೇನೆ, ಅದಕ್ಕೇ ಹೇಳುವುದು. ಸಂಬಂಧಿಕರ ಮದುವೆಯ ಮಾರನೇ ದಿನ 1.4 ಕಿಲೋ ಹೆಚ್ಚಿತ್ತು ಅಂತ ಎರಡು ದಿನ ಬರೀ ಮಜ್ಜಿಗೆ ಕುಡಿದೆ. ಮೂರನೇ ದಿನ ಸಂಜೆ ತಲೆ ತಿರುಗಿ, ಕೈಗೆ ಸಿಕ್ಕಿದ ಬನ್ಸ್ ಐದು ತಿಂದೆ. ಸುಮ್ಮನೆ ಮಾಮೂಲು ಊಟ ಮಾಡಿದ್ದರೆ ಆ ನೀರು ತಾನಾಗಿ ಇಳಿದುಹೋಗುತ್ತಿತ್ತು.

ಮಳೆಗೆ, ಸೆಕೆಗೆ

• ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ. ತಾಜಾ ಮೀನು ದುಬಾರಿ, ಒಣಮೀನಿನ ಡಬ್ಬ ತೆರೆಯುತ್ತದೆ. ತಿನ್ನಿ, ಬೇಡ ಅನ್ನುವುದಿಲ್ಲ. ಚೆನ್ನಾಗಿ ತೊಳೆದು, ನೆನೆಹಾಕಿ, ಆ ನೀರು ಚೆಲ್ಲಿ ಮಾಡಿ. ಸಾರಿಗೆ ಬೇರೆ ಉಪ್ಪು ಹಾಕುವ ಮೊದಲು ರುಚಿ ನೋಡಿ. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಗೂ ಇದೇ ಮಾತು.

• ಗಂಜಿಗೆ ಉಪ್ಪಿನಕಾಯಿ, ಹಪ್ಪಳ, ಒಣಮೀನು ಚಟ್ನಿ ಮೂರೂ ಬೇಡ, ಒಂದು ಸಾಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು, ಒಂದು ಸಣ್ಣ ಚಮಚದಷ್ಟು. ಉಪ್ಪಿನಕಾಯಿ ಬದಲು ತಿಮರೆ (ಒಂದೆಲಗ) ಚಟ್ನಿ ಅರೆಯಿರಿ, ಕಾಯಿ ಸ್ವಲ್ಪ ಕಡಿಮೆ ಹಾಕಿ.

• ಮಳೆ ಹೊಯ್ಯುತ್ತದೆ ಅಂತ ನಾಲ್ಕು ತಿಂಗಳು ಕೂರಬೇಡಿ. ಫಳ್ನೀರಿನಲ್ಲಿ ಈಗ ಎಲ್ಲ ಫ್ಲ್ಯಾಟೇ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ, ಮೂರು ಮಹಡಿ ಸಾಕು. ಒದ್ದೆ ಮೆಟ್ಟಿಲಲ್ಲಿ ರಬ್ಬರ್ ಚಪ್ಪಲಿ ಜಾರುತ್ತದೆ, ಕೈಪಿಡಿ ಹಿಡಿದುಕೊಳ್ಳಿ. ಮೊಣಕಾಲು ನೋವಿದ್ದವರು ಮನೆಯೊಳಗೇ ಆಚೆ ಈಚೆ ನಡೆಯಿರಿ.

• ಮಳೆ ಬಿಟ್ಟ ದಿನ ಕಂಕನಾಡಿ ಮಾರ್ಕೆಟ್ಟಿಗೆ ನಡೆದೇ ಹೋಗಿ. ತರಕಾರಿ ಎರಡೂ ಕೈಗೆ ಸಮ ಹಂಚಿ ತನ್ನಿ. ರಿಕ್ಷಾದ ದುಡ್ಡು ಉಳಿಯುತ್ತದೆ, ಒಂದು ಕಟ್ಟು ಬಸಳೆ ಹೆಚ್ಚು ಬರುತ್ತದೆ. ಬೆಳಿಗ್ಗೆ ಪುರುಸೊತ್ತಿದ್ದರೆ ಕದ್ರಿ ಪಾರ್ಕಿನಲ್ಲಿ ಎರಡು ಸುತ್ತು ಹಾಕಿ.

• ಏಪ್ರಿಲ್, ಮೇ ಸೆಕೆಯಲ್ಲಿ ಬೆವರು ಸುರಿಸಿ ಬಂದು ತೂಕ ನೋಡಿ ಖುಷಿಪಡಬೇಡಿ. ಇಳಿದದ್ದು ಬೆವರು. ಎರಡು ಗ್ಲಾಸ್ ನೀರು ಕುಡಿದರೆ ವಾಪಸು ಬರುತ್ತದೆ, ಬರಬೇಕು ಕೂಡ. ಮುಳ್ಳು ಇಳಿಯಲಿ ಅಂತ ನೀರು ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತಲೆ ಸುತ್ತಿ ಬಿದ್ದರೆ ಯಾರಿಗೆ ಲಾಭ?

ಅಡುಗೆಮನೆಯಲ್ಲಿ

• ನೀರಿನ ಏರಿಳಿತಕ್ಕೆ ಹೆದರಬೇಡಿ ಅಂದೆ, ಎಣ್ಣೆಗೆ ಮಾತ್ರ ಹೆದರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಉಂಟು. ದಿನಾ ಒಂದು ಚಮಚ ಹೆಚ್ಚಾದರೆ ಎರಡು ತಿಂಗಳಿಗೆ ಹತ್ತಿರ ಹತ್ತಿರ ಒಂದು ಕಿಲೋ. ಅದು ತಾನಾಗಿ ಇಳಿಯುವ ಕಿಲೋ ಅಲ್ಲ.

• ತೆಂಗಿನೆಣ್ಣೆ ಬಾಟ್ಲಿ ತೆರೆದ ದಿನ ಅದರ ಮೇಲೆ ತಾರೀಕು ಬರೆಯಿರಿ. ಹೋದ ಸಲ ಇಪ್ಪತ್ತು ದಿನ ಬಂದದ್ದು ಈ ಸಲ ಹದಿನಾಲ್ಕಕ್ಕೇ ಮುಗಿದರೆ ಕಾರಣ ಹುಡುಕಿ. ಬಾಟ್ಲಿಯಿಂದ ನೇರ ಬಾಣಲೆಗೆ ಸುರಿಯಬೇಡಿ, ಚಮಚದಲ್ಲಿ ಅಳೆದು ಹಾಕಿ.

• ಬಂಗುಡೆಯನ್ನು ವಾರಕ್ಕೊಮ್ಮೆ ಕಾಯಿಸಿ, ಉಳಿದ ದಿನ ಪುಳಿಮುಂಚಿ ಮಾಡಿ. ಮೀನು ಅದೇ, ಎಣ್ಣೆ ಅರ್ಧಕ್ಕೂ ಕಡಿಮೆ.

• ಮಕ್ಕಳು ಬಿಟ್ಟ ಅರ್ಧ ನೀರುದೋಸೆ, ಪಾತ್ರೆಯಡಿಯ ಎರಡು ಚಮಚ ಪಾಯಸ "ಹಾಳಾಗುತ್ತದಲ್ಲ" ಅಂತ ಬಾಯಿಗೆ ಹಾಕಿಕೊಳ್ಳಬೇಡಿ. ಹೊಟ್ಟೆಗೆ ಬೇಡವಾದದ್ದನ್ನು ತಿಂದರೂ ಅದು ಹಾಳೇ. ನಾಳೆಯಿಂದ ಅಕ್ಕಿ ಒಂದು ಹಿಡಿ ಕಡಿಮೆ ಹಾಕಿ, ಉಳಿತಾಯ ಅಲ್ಲಿಂದ ಶುರುವಾಗಲಿ.

• ಇಳಿಸುವಾಗ ಬಳಸಿದ ಅದೇ ಸಣ್ಣ ಬಟ್ಟಲು, ಅದೇ ತಟ್ಟೆ ಇಟ್ಟುಕೊಳ್ಳಿ. "ಇನ್ನು ಮುಗಿಯಿತಲ್ಲ" ಅಂತ ದೊಡ್ಡ ತಟ್ಟೆ ತೆಗೆದರೆ ಕೈ ತಾನಾಗಿ ಎರಡು ಸೌಟು ಹೆಚ್ಚು ಬಡಿಸುತ್ತದೆ.

• ಚಾಕ್ಕೆ ಸಕ್ಕರೆ ಎಷ್ಟು ಹಾಕುತ್ತೀರಿ ಅಂತ ತಿಂಗಳಿಗೊಮ್ಮೆ ಗಮನಿಸಿ. ಅರ್ಧ ಚಮಚ ಯಾವಾಗ ಒಂದಾಯಿತು ಅಂತ ಕೈಗೂ ಗೊತ್ತಾಗುವುದಿಲ್ಲ.

ಹಬ್ಬಕ್ಕೆ, ನೆಂಟರ ಮನೆಗೆ

• ಫಳ್ನೀರಿನಲ್ಲಿದ್ದು ಹಬ್ಬದ ಡಬ್ಬಕ್ಕೆ ಬೇಡ ಅನ್ನಲಿಕ್ಕಾಗುವುದಿಲ್ಲ. ಚೌತಿಗೆ ಒಂದು ಮನೆಯಿಂದ ಮೋದಕ, ಈದಿಗೆ ಇನ್ನೊಂದು ಮನೆಯಿಂದ ಬಿರಿಯಾನಿ, ಕ್ರಿಸ್ಮಸಿಗೆ ಕುಸ್ವಾರ್ ತಿಂಡಿಗಳ ತಟ್ಟೆ ಬರುತ್ತದೆ. ಪ್ರೀತಿಯಿಂದ ಕೊಟ್ಟದ್ದನ್ನು ಪ್ರೀತಿಯಿಂದ ತೆಗೆದುಕೊಳ್ಳಿ. ಒಂದು ನೆವ್ರಿ, ಎರಡು ಕಿಡಿಯೊ ನಿಮಗಿಟ್ಟು ಉಳಿದದ್ದನ್ನು ಅದೇ ದಿನ ಹಂಚಿ. ಡಬ್ಬ ಕಣ್ಣೆದುರು ಇದ್ದರೆ ಕೈ ಹೋಗಿಯೇ ಹೋಗುತ್ತದೆ.

• ಹಬ್ಬದ ದಿನ ಹೊಟ್ಟೆ ತುಂಬ ಉಣ್ಣಿ, ಹಬ್ಬದ ವಾರ ಮಾಡಬೇಡಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ನಮ್ಮ ನೆರೆಯ ಕ್ರೈಸ್ತರ ಮನೆಯಲ್ಲಿ ಬರೀ ತರಕಾರಿ ಊಟ. ಅಂಥ ಊಟಕ್ಕೆ ಕರೆದರೆ ನಾನು ಎರಡನೇ ಸಲ ಬಡಿಸಿಕೊಳ್ಳುತ್ತೇನೆ, ಮಾರನೇ ದಿನ ಮಾಮೂಲು ಗಂಜಿಗೆ ಬರುತ್ತೇನೆ.

• ಗಡ್‌ಬಡ್ ಐಸ್‌ಕ್ರೀಂ ತಿನ್ನಬೇಕು ಅನಿಸಿದರೆ ಇಬ್ಬರು ಸೇರಿ ಒಂದು ತೆಗೆದುಕೊಳ್ಳಿ. ಎತ್ತರದ ಗ್ಲಾಸು ಅದು, ಹಣ್ಣು, ಜೆಲ್ಲಿ, ಐಸ್‌ಕ್ರೀಂ ಎಲ್ಲ ಸೇರಿ ಇಬ್ಬರಿಗೆ ಧಾರಾಳ ಸಾಕು. ದುಡ್ಡೂ ಅರ್ಧ.

• ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬಂದ ಮಾರನೇ ದಿನ ತೂಕ ನೋಡಬೇಡಿ. ಕಾಲು ಇಳಿಬಿಟ್ಟು ಕೂತು ಪಾದ ಊದಿರುತ್ತದೆ, ನಿದ್ದೆ ಇರುವುದಿಲ್ಲ, ಹೋಟೆಲಿನ ಉಪ್ಪು ಮೈಯಲ್ಲಿರುತ್ತದೆ. ಮೂರು ದಿನ ಬಿಟ್ಟು ನೋಡಿ.

ನಿಜವಾಗಿ ಏರಿದಾಗ

• ವಾರದ ಸರಾಸರಿ ಎರಡು ವಾರ ಬಿಡದೆ ನಿಮ್ಮ ಮೇಲಿನ ಗಡಿ ದಾಟಿದರೆ ಆಗ ಎದ್ದು ನಿಲ್ಲಿ. ಒಂದು ಕಿಲೋ ಇಳಿಸುವುದು ಸುಲಭ, ಹನ್ನೊಂದು ಆಗುವವರೆಗೆ ಕಾಯಬೇಡಿ.

• ಎಲ್ಲವನ್ನೂ ಒಟ್ಟಿಗೆ ಬಿಡಬೇಡಿ. ಸಂಜೆಯ ಗೋಳಿಬಜೆ, ರಾತ್ರಿಯ ಎರಡನೇ ಸಲದ ಅನ್ನ, ಚಾದ ಸಕ್ಕರೆ, ಇವುಗಳಲ್ಲಿ ಒಂದು ಬಿಡಿ, ಇಪ್ಪತ್ತು ನಿಮಿಷ ನಡಿಗೆ ಸೇರಿಸಿ. ಒಂದು ತಿಂಗಳು ಅಷ್ಟೇ ಮಾಡಿ ನೋಡಿ.

• ಇಲಾಸ್ಟಿಕ್ ಇರುವ ಪ್ಯಾಂಟನ್ನು ನಂಬಬೇಡಿ. ಸರಿಯಾಗಿ ಹೊಲಿಸಿದ ಒಂದು ರವಿಕೆಯನ್ನೋ ಚೂಡಿದಾರವನ್ನೋ ತಿಂಗಳಿಗೊಮ್ಮೆ ಹಾಕಿ ನೋಡಿ. ಹಳೇ ದೊಡ್ಡ ಬಟ್ಟೆಗಳನ್ನು ಟೈಲರಿಗೆ ಕೊಟ್ಟು ಸಣ್ಣ ಮಾಡಿಸಿ. ಹೊಸತು ಕೊಳ್ಳುವುದು ತಪ್ಪುತ್ತದೆ, ವಾಪಸು ದಪ್ಪ ಆಗಲಿಕ್ಕೆ ಜಾಗವೂ ಉಳಿಯುವುದಿಲ್ಲ.

• ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಯಾವ ಕಾರಣಕ್ಕೂ ಊಟ ಬಿಡಬೇಡಿ. ರಕ್ತದಲ್ಲಿ ಸಕ್ಕರೆ ಇಳಿದು ಕುಸಿದು ಬೀಳುವ ಅಪಾಯ ಉಂಟು. ತೂಕ ಇಳಿದ ಮೇಲೆ ಔಷಧದ ಪ್ರಮಾಣ ಬದಲಿಸಬೇಕೇ ಅಂತ ಡಾಕ್ಟರರನ್ನೇ ಕೇಳಿ.

• ಎರಡು ಮೂರು ದಿನದಲ್ಲಿ ತೂಕ ಜಿಗಿದು, ಜೊತೆಗೆ ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ ಕ್ಯಾಲೆಂಡರ್ ನೋಡುತ್ತಾ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಹೃದಯದ್ದೋ ಮೂತ್ರಪಿಂಡದ್ದೋ ತೊಂದರೆ ಇರಬಹುದು. ಏನೂ ಮಾಡದೆ ತೂಕ ಇಳಿಯುತ್ತಾ ಹೋದರೂ ತೋರಿಸಿ. ಫಳ್ನೀರಿನಲ್ಲಿ ಕೂಗಿದರೆ ಕೇಳುವಷ್ಟು ಹತ್ತಿರ ಆಸ್ಪತ್ರೆಗಳಿವೆ, ಕಂಕನಾಡಿಯ ಫಾದರ್ ಮುಲ್ಲರ್ 1880ರಿಂದ ಉಂಟು. ಇಷ್ಟು ಹತ್ತಿರ ಇಟ್ಟುಕೊಂಡು ನಾಳೆ ಅನ್ನಬೇಡಿ.

• ಊಟ ಮಾಡಿದ ತಪ್ಪಿಗೆ ನಿಮ್ಮನ್ನು ನೀವೇ ಬೈದುಕೊಳ್ಳುವುದು, ತಿಂದದ್ದನ್ನು ಕಕ್ಕುವುದು, ಕದ್ದು ಉಪವಾಸ ಮಾಡುವುದು ಶುರುವಾಗಿದ್ದರೆ ಮನೆಯಲ್ಲಿ ಒಬ್ಬರಿಗಾದರೂ ಹೇಳಿ, ಡಾಕ್ಟರರ ಹತ್ತಿರ ಹೋಗಿ. ಅದು ಕಾಯಿಲೆ, ಅದಕ್ಕೆ ಮದ್ದುಂಟು. ನಾಚಿಕೆ ಬೇಡ.

ಇಷ್ಟೂ ನೆನಪಿರುವುದಿಲ್ಲ, ನನಗೆ ಗೊತ್ತು. ಬೆಳಿಗ್ಗೆ ಒಂದು ಸಲ ತೂಕ ನೋಡಿ, ಬರೆದಿಡಿ, ವಾರ ಮುಗಿಯುವವರೆಗೆ ಯೋಚನೆ ಬಿಡಿ, ಹೊತ್ತುಹೊತ್ತಿಗೆ ಊಟ ಮಾಡಿ. ಇವಿಷ್ಟು ಸಾಕು. ತಿಂಗಳುಗಟ್ಟಲೆಯ ನಿಮ್ಮ ಶ್ರಮ ಒಂದು ರಾತ್ರಿಯ ಉಪ್ಪಿಗೆ ಕರಗಿಹೋಗುವುದಿಲ್ಲ. ಈಗ ಎದ್ದು ತಿಂಡಿ ತಿನ್ನಿ, ತಣ್ಣಗಾಗುತ್ತದೆ.