ಜೇಡಿಮಣ್ಣು ಬೆರೆಸಿದ ಪಾರದರ್ಶಕ ಪ್ಲಾಸ್ಟಿಕ್

ಬೆಂಗಳೂರು ದಂಡು ರೈಲು ನಿಲ್ದಾಣಕ್ಕೆ ಹೋಗಿಬರುವ ಸದಸ್ಯ ಬಾಂಧವರು ಸಮೀಪದ ಪಾಟರಿ ಟೌನಿನ ಕುಂಬಾರರನ್ನು ನೋಡಿರಬಹುದು. ತಿಗರಿಯ ಮೇಲೆ ಜೇಡಿಮಣ್ಣು ಬೆರಳಿಗೆ ಜಾರುವುದೇಕೆ? ಅದು ಮರಳಿನಂತೆ ಕಾಳುಕಾಳಲ್ಲ, ಕಣ್ಣಿಗೆ ಕಾಣದ ಹಾಳೆಗಳ ಕಂತೆ. ಕಾಗೆ ಬಂಗಾರವನ್ನು ಉಗುರಿನಿಂದ ಬಿಡಿಸಿದರೆ ಗಾಜಿನಂತಹ ತಿಳಿ ಪದರ ಏಳುತ್ತದಲ್ಲ, ಅದೇ ಬಗೆ.

ಈ ಹಾಳೆಗಳಿಂದ ನಮಗೇನು ಪ್ರಯೋಜನ? ಕಾಫಿಪುಡಿಯ ಪರಿಮಳ ಕೆಡಿಸುವುದು ಗಾಳಿಯ ಆಮ್ಲಜನಕ ಮತ್ತು ತೇವ. ಸಾದಾ ಪಾಲಿಥೀನ್ ತೇವವನ್ನು ತಕ್ಕಮಟ್ಟಿಗೆ ತಡೆದರೂ ಆಮ್ಲಜನಕವನ್ನು ಒಳಬಿಡುತ್ತದೆ. ಅಲ್ಯೂಮಿನಿಯಂ ಹಾಳೆ ಎರಡನ್ನೂ ತಡೆಯುತ್ತದೆ, ಆದರೆ ಒಳಗಿನ ಮಾಲು ಕಾಣದು. ಪ್ಲಾಸ್ಟಿಕ್ಕಿನಲ್ಲಿ ಜೇಡಿಯ ಹಾಳೆಗಳನ್ನು ಬಿಡಿಬಿಡಿಯಾಗಿ ಹರಡಿದರೆ ಗಾಳಿಗೆ ನೇರ ದಾರಿ ಸಿಗದೆ ಸುತ್ತಿ ಬಳಸಿ ಬರಬೇಕಾಗುತ್ತದೆ. ನೂರಕ್ಕೆ 2ರಿಂದ 5 ಭಾಗ ಜೇಡಿ ಸಾಕು. ಜಪಾನಿನ ಟೊಯೋಟ ಸಂಶೋಧಕರು 1980ರ ದಶಕದಲ್ಲಿ ನೈಲಾನಿಗೆ ಹೀಗೆ ಜೇಡಿ ಬೆರೆಸಿದರು. 2010ರ ದಶಕದಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರೂ ಎಲೆಕ್ಟ್ರಾನಿಕ್ ಸಾಧನಗಳನ್ನು ತೇವದಿಂದ ಕಾಪಾಡಲು ಇಂತಹ ಹಾಳೆಗಳನ್ನು ತಯಾರಿಸಿದರು.

ಕುಂಬಾರನ ಮಣ್ಣು ಇದಕ್ಕೆ ಬಾರದು. ನೀರಿನಲ್ಲಿ ಉಬ್ಬುವ ಬೆಂಟೊನೈಟ್ ಬೇಕು. ಅದರ ಒಂದೊಂದು ಹಾಳೆಯ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಬೆಳಕಿನ ಅಲೆ ಇದಕ್ಕಿಂತ ನಾನ್ನೂರು ಏಳ್ನೂರು ಪಟ್ಟು ಉದ್ದವಾದ್ದರಿಂದ ಹಾಳೆಗಳು ಬೆಳಕನ್ನು ಚದರಿಸುವುದು ತೀರ ಕಡಿಮೆ. ಕಂತೆ ಬಿಡದೆ ಗಂಟುಗಂಟಾಗಿ ಉಳಿದರೆ ಮಾತ್ರ ಪ್ಲಾಸ್ಟಿಕ್ ಗಂಜಿಯಂತೆ ಬೆಳ್ಳಗಾಗುತ್ತದೆ. ಕೆಲಸದ ಕಷ್ಟವೆಲ್ಲ ಇಲ್ಲೇ. ಜೇಡಿಗೆ ನೀರಿನ ಸ್ನೇಹ, ಪಾಲಿಥೀನಿನದು ಎಣ್ಣೆಯ ಗುಣ. ಆದುದರಿಂದ ಹಾಳೆಗಳ ನಡುವಿನ ಸೋಡಿಯಂ ತೆಗೆದು, ಉದ್ದ ಬಾಲದ ಅಮೋನಿಯಂ ಲವಣ ಸೇರಿಸುತ್ತಾರೆ. ಎರಡನ್ನೂ ಹಿಡಿದಿಡುವ ಮತ್ತೊಂದು ಪ್ಲಾಸ್ಟಿಕ್ ಕೂಡಿಸಿ, ಕರಗಿಸಿ, ಯಂತ್ರದಲ್ಲಿ ಚೆನ್ನಾಗಿ ನಾದುತ್ತಾರೆ.

ಶಾಲೆಯ ಪ್ರಯೋಗಾಲಯದಲ್ಲಿ ಇದರ ಸುಲಭ ರೂಪ ನೋಡಬಹುದು. ಚಿಟಿಕೆ ಬೆಂಟೊನೈಟನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ ಕದಡಿ, ತಳದ ಗಷ್ಟು ಬಿಟ್ಟು ಮೇಲಿನದನ್ನು ಬಸಿದುಕೊಳ್ಳಿ. ಬಿಸಿನೀರಿನಲ್ಲಿ ಕರಗಿಸಿದ ಪಾಲಿವಿನೈಲ್ ಆಲ್ಕೋಹಾಲಿಗೆ ಬೆರೆಸಿ ಗಾಜಿನ ಮೇಲೆ ಸುರಿದು ನೆರಳಿನಲ್ಲಿ ಒಣಗಿಸಿದರೆ ತಿಳಿಯಾದ ಹಾಳೆ ಏಳುತ್ತದೆ. ಮಳೆಗೆ ಹಿಡಿಯಬೇಡಿ, ಕರಗೀತು!

ಅಂಗಳದ ಅಡಿಕೆಗೆ ಇದನ್ನೇ ಹೊದಿಸಬಹುದೇ ಎಂಬುದು ಮುಂದಿನ ಪ್ರಶ್ನೆ. ಬೇಡವೆಂದೇ ನಮ್ಮ ಅಭಿಪ್ರಾಯ. ಜೇಡಿ ಬೆರೆತ ಪಾಲಿಥೀನ್ ಬಿಸಿಲಿಗೆ ಸಾದಾ ಹಾಳೆಗಿಂತ ಬೇಗ ಹಾಳಾಗುವುದು ಕಂಡುಬಂದಿದೆ. ಅಂಗಳಕ್ಕೆ ಬಿಸಿಲು ತಾಳುವ ಔಷಧಿ ಸೇರಿಸಿದ ಹಾಳೆಯೇ ಸರಿ. ದಾಸ್ತಾನಿಗೂ ಆತುರ ಸಲ್ಲದು. ಹೊರಗಿನ ತೇವ ತಡೆಯುವ ಚೀಲ ಒಳಗಿನ ತೇವವನ್ನೂ ಹೊರಬಿಡದು; ಅರೆ ಒಣಗಿದ ಚಾಲಿ ಅದರೊಳಗೇ ಬೂಸ್ಟು ಹಿಡಿಯುತ್ತದೆ. ಪಾರ್ಚ್‌ಮೆಂಟ್ ಕಾಫಿಯ ತೇವ ಶೇಕಡ 10–11ಕ್ಕೆ ಇಳಿದ ಮೇಲೆಯೇ ಬಾಯಿ ಕಟ್ಟಿರಿ. ಹೊಸದಾಗಿ ಹುರಿದ ಪುಡಿ ಇಂಗಾಲದ ಡೈಆಕ್ಸೈಡ್ ಬಿಡುವುದರಿಂದ, ಕೂಡಲೇ ಮೊಹರು ಮಾಡಿದ ಪೊಟ್ಟಣ ಉಬ್ಬುತ್ತದೆ.