‘ನೈಸ್’ ಎಂಬ ಗುಣವಾಚಕ

ಆಂಗ್ಲ ಭಾಷೆಯನ್ನು ಹೊಸದಾಗಿ ಕಲಿಯುವವರ ನಾಲಗೆಗೆ ಬಹು ಬೇಗನೆ ಹತ್ತುವ ಗುಣವಾಚಕಗಳಲ್ಲಿ ‘ನೈಸ್’ ಎಂಬುದೂ ಒಂದು. ಊಟ ನೈಸ್, ಪುಸ್ತಕ ನೈಸ್, ಮನುಷ್ಯನೂ ನೈಸ್. ಇಷ್ಟು ಸೌಮ್ಯವಾದ ಈ ಪದ ಒಂದಾನೊಂದು ಕಾಲದಲ್ಲಿ ಬೈಗುಳವಾಗಿತ್ತೆಂದರೆ ನಂಬುವುದು ಕಷ್ಟ.

ಇದರ ಮೂಲ ಲ್ಯಾಟಿನ್ ಭಾಷೆಯ ‘ನೆಸ್ಕಿಯುಸ್’. ‘ನೆ’ ಎಂದರೆ ಇಲ್ಲ. ‘ಸ್ಕೀರೆ’ ಎಂದರೆ ತಿಳಿಯುವುದು. ಆದ್ದರಿಂದ ನೆಸ್ಕಿಯುಸ್ ಎಂದರೆ ತಿಳಿವಳಿಕೆಯಿಲ್ಲದವನು, ಅಜ್ಞ. ವಿಜ್ಞಾನವೆಂಬ ಅರ್ಥವುಳ್ಳ ‘ಸೈನ್ಸ್’ ಪದವೂ ಇದೇ ‘ಸ್ಕೀರೆ’ಯಿಂದ ಹುಟ್ಟಿದೆ, ಅರಿವು, ಅರಿವುಗೇಡಿತನ ಎರಡೂ ಒಂದೇ ಬೇರಿನ ಕವಲುಗಳಾದುದು ವಿನೋದವಲ್ಲವೆ? 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ ಫ್ರೆಂಚ್ ಪದಗಳು ಆ ನಾಡಿಗೆ ಹೊಳೆಯಾಗಿ ಹರಿದುಬಂದವು. ಹಾಗೆ ಬಂದ ‘ನೈಸ್’ ಸುಮಾರು 1300ರ ವೇಳೆಗೆ ಆಂಗ್ಲರ ಬಾಯಲ್ಲಿ ದಡ್ಡ, ತಿಳಿಗೇಡಿ ಎಂಬ ಅರ್ಥವನ್ನೇ ಕೊಡುತ್ತಿತ್ತು.

ಅರ್ಥ ಬದಲಾದುದು ಒಮ್ಮೆಲೇ ಅಲ್ಲ. ತಿಳಿಗೇಡಿಯಿಂದ ಅಂಜುಬುರುಕ, ಅಲ್ಲಿಂದ ಅತಿ ನಾಜೂಕಿನವನು ಎಂದಾಯಿತು. ನಾಜೂಕಿನವನು ಸಣ್ಣಪುಟ್ಟದರಲ್ಲಿಯೂ ತಪ್ಪು ಹುಡುಕುವವನಷ್ಟೆ. ಆದಕಾರಣ ಹದಿನಾರನೆಯ ಶತಮಾನದಲ್ಲಿ ಸೂಕ್ಷ್ಮ, ಕರಾರುವಾಕ್ಕು ಎಂಬ ಅರ್ಥವೂ ಸೇರಿತು. ಇದು ಇಂದಿಗೂ ಸತ್ತಿಲ್ಲ. ‘ಎ ನೈಸ್ ಡಿಸ್ಟಿಂಕ್ಷನ್’ ಎಂದು ಓದಿದಾಗ ‘ಸೊಗಸಾದ ವ್ಯತ್ಯಾಸ’ ಎಂದು ಭಾಷಾಂತರಿಸಿದರೆ ಕೆಟ್ಟಿತು. ಅದು ‘ಸೂಕ್ಷ್ಮವಾದ ವ್ಯತ್ಯಾಸ’.

ಹಿತಕರ, ಇಷ್ಟವಾಗುವಂಥದು ಎಂಬ ಈಗಿನ ಅರ್ಥ ಹದಿನೆಂಟನೆಯ ಶತಮಾನದಲ್ಲಿ ಬಳಕೆಗೆ ಬಂದಿತು. ಬಂದದ್ದೇ ತಡ, ಎಲ್ಲವನ್ನೂ ಆವರಿಸಿತು. ಜೇನ್ ಆಸ್ಟಿನ್ ಬರೆದ, 1817ರ ಕೊನೆಯಲ್ಲಿ ಅಚ್ಚಾದ ‘ನಾರ್ಥ್ಯಾಂಗರ್ ಅಬ್ಬಿ’ ಕಾದಂಬರಿಯಲ್ಲಿ ಕ್ಯಾಥರೀನ್ ಎಂಬ ಹುಡುಗಿ ಒಂದು ಪುಸ್ತಕವನ್ನು ‘ನೈಸ್’ ಎಂದು ಹೊಗಳುತ್ತಾಳೆ. ಹೆನ್ರಿ ಎಂಬ ತರುಣನು ಅದನ್ನು ‘ಅಚ್ಚುಕಟ್ಟು’ ಎಂಬ ಅರ್ಥದಲ್ಲಿ ತೆಗೆದುಕೊಂಡವನಂತೆ ನಟಿಸಿ, ಅದು ಪುಸ್ತಕದ ರಟ್ಟನ್ನು ಅವಲಂಬಿಸಿದ್ದು ಎಂದು ಛೇಡಿಸುತ್ತಾನೆ. ಯಾವುದನ್ನು ಹೊಗಳುವುದಕ್ಕೂ ಇದೊಂದೇ ಪದ ಸಾಕಾಗಿಬಿಟ್ಟಿದೆ ಎಂಬುದು ಅವನ ಆಕ್ಷೇಪ. ಆಕ್ಷೇಪ ನ್ಯಾಯವಾದುದೇ. ‘ನೈಸ್ ಮ್ಯಾನ್’ ಎಂದ ಮಾತ್ರಕ್ಕೆ ಆತ ಉದಾರಿಯೋ, ಸರಳನೋ, ಬರಿಯ ನಗೆಮೊಗದವನೋ ತಿಳಿಯದು. ಹೀಗೆಂದು ಮಾತುಕತೆಯಲ್ಲಿ ಅದನ್ನು ಬಹಿಷ್ಕರಿಸಬೇಕಾಗಿಲ್ಲ. ಆತಿಥ್ಯ ನೀಡಿದವರ ಮುಂದೆ ಗುಣವಿಮರ್ಶೆಗೆ ಯಾರೂ ಕೂರುವುದಿಲ್ಲ. ಪ್ರಬಂಧ ಬರೆಯುವಾಗ ಮಾತ್ರ ಕಂಡ ಗುಣ ಯಾವುದೋ ಅದನ್ನೇ ಹೆಸರಿಸುವುದು ಮೇಲು.

ಇನ್ನೆರಡು ಪ್ರಯೋಗಗಳಿವೆ. ‘ನೈಸ್ ಅಂಡ್ ವಾರ್ಮ್’ ಎಂದರೆ ಹಿತವಾಗುವಷ್ಟು ಬೆಚ್ಚಗೆ. ‘ಎ ನೈಸ್ ಮೆಸ್’ ಎಂಬುದು ವ್ಯಂಗ್ಯ. ನಾವು ‘ಒಳ್ಳೆಯ ಫಜೀತಿಯಾಯಿತು!’ ಎನ್ನುವುದಿಲ್ಲವೆ, ಹಾಗೆ.

ಕನ್ನಡಕ್ಕೆ ಬಂದ ಮೇಲೂ ಈ ಪದ ಸುಮ್ಮನಿರಲಿಲ್ಲ. ದೋಸೆಯ ಹಿಟ್ಟನ್ನು ‘ನೈಸಾಗಿ ರುಬ್ಬು’ ಎನ್ನುತ್ತೇವೆ, ಅಂದರೆ ನುಣ್ಣಗೆ. ಕೆಲಸಗಳ್ಳನು ‘ನೈಸಾಗಿ ಜಾರಿಕೊಂಡ’ ಎಂದರೆ ಯಾರಿಗೂ ಸುಳಿವು ಕೊಡದೆ ಹೋದನೆಂದರ್ಥ. ನಮ್ಮ ‘ನಯ’ದ ಧ್ವನಿ ಇದರಲ್ಲಿ ಬೆರೆತಂತೆ ತೋರುತ್ತದೆ. ಲಂಡನ್ನಿನ ಪ್ರಜೆಗೆ ಈ ಹಿಟ್ಟಿನ ಮಾತನ್ನು ಹೇಳಿದರೆ, ರುಬ್ಬುವುದರಲ್ಲಿ ಸೌಜನ್ಯವೆಂತಹುದು ಎಂದು ಅವನು ಬೆರಗಾದಾನು.